ಆರು ಸಾಲು ಶಿರಾಜ್

ಅರಕೇರಾ
೮ ಜನವರಿ ೨೦೨೫

ಅಕ್ಕನಿಗೆ ಹನುಮೇಶನ ನಮಸ್ಕಾರ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ದ್ರಾಕ್ಷಿಯೊಂದನ್ನು ಬಿಟ್ಟು. ಫೋನು ಇರುವಾಗ ಇವನೇಕೆ ಕಾಗದ ಬರೆಯುತ್ತಾನೆ ಎಂದು ನಗುತ್ತೀ. ನಗು. ಈ ಮನೆಯಲ್ಲಿ ಸ್ಪೀಕರ್ ಹಾಕದೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ನೀನು ರಾಯಚೂರಿನಿಂದ ಒಂದು ಕೇಳಿದರೆ ಅವ್ವ ಒಲೆಯ ಮುಂದಿನಿಂದ, ನನ್ನ ಹೆಂಡತಿ ಅಂಗಳದಿಂದ, ಮಲಂಗಸಾಬ ಕಾಕಾ ಕಟ್ಟೆಯ ಮೇಲಿನಿಂದ, ಮೂರು ಉತ್ತರ ಕೊಡುತ್ತಾರೆ. ವಾಟ್ಸಾಪಿನಲ್ಲಿ ಬರೆದರೆ ನಿನಗಿಂತ ಮೊದಲು ನಿನ್ನ ಮಗಳು ಓದುತ್ತಾಳೆ. ಅದಕ್ಕೇ ಅಂಚೆ. ಲಕೋಟೆ ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಮಾಡಿದ್ದೇನೆ. ಸಹಿಯ ಗೆರೆ ಕೂಡದಿದ್ದರೆ ನಡುವೆ ಯಾರೋ ಬಿಚ್ಚಿದ್ದಾರೆ ಎಂದು ತಿಳಿ.

ವಿಷಯಕ್ಕೆ ಬರುತ್ತೇನೆ. ನರ್ಸರಿಯವ ನಮಗೆ ಮೋಸ ಮಾಡಿದ್ದಾನೆ ಎಂದು ನನಗೆ ಬಲವಾದ ಅನುಮಾನ. ಶಿರಾಜ್ ಎನ್ನುವ ವೈನ್ ದ್ರಾಕ್ಷಿ ಎಂದು ಹೇಳಿ ಸಸಿ ಕೊಟ್ಟ. ಎರಡೆಕರೆ ದ್ರಾಕ್ಷಿ ತೋಟ ಹಾಕಿ ಮೂರು ವರ್ಷ ಸಾಕಿದೆ. ಈ ಸಲ ಮೊದಲ ಪೂರ್ತಿ ಫಸಲು. ಹದಕ್ಕೆ ಬಂದರೆ ಒಯ್ಯುತ್ತೇವೆ ಎಂದು ವೈನ್ ಕಂಪನಿಯವರು ಬರೆದುಕೊಟ್ಟಿದ್ದಾರೆ. ಈಗ ಹಣ್ಣು ಕಪ್ಪಾಗಿದೆ, ಮೇಲೆ ಬೂದಿ ಉದುರಿಸಿದಂತೆ ಬಿಳಿ ಪುಡಿಯೂ ಇದೆ. ಆದರೆ ಗಾತ್ರ ನೋಡಿದರೆ ಅಳು ಬರುತ್ತದೆ. ಸಂತೆಯಲ್ಲಿ ಮಾರುವ ದ್ರಾಕ್ಷಿಯ ಅರ್ಧವೂ ಇಲ್ಲ. ಸಿಪ್ಪೆ ದಪ್ಪ, ಒಳಗೆ ಎರಡು ಮೂರು ಬೀಜ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಆಮೇಲೆ ಬಾಳೆಕಾಯಿ ಕಚ್ಚಿದಂತೆ ನಾಲಿಗೆ ಒಣಗುತ್ತದೆ. ಕೊನೆಗೆ ಮೆಣಸಿನ ವಾಸನೆ. ದ್ರಾಕ್ಷಿಗೂ ಮೆಣಸಿಗೂ ಏನು ಸಂಬಂಧ? ಪಕ್ಕದ ಹೊಲದ ಹಂಪಣ್ಣ ಏನಾದರೂ ಸಿಂಪಡಿಸಿದನೋ ಎಂದು ಅವನ ಡಬ್ಬಿಗಳನ್ನೆಲ್ಲ ಮೂಸಿ ಬಂದೆ.

ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇದೆ. ಒಂದು ಹಿಡಿ ಹಣ್ಣು ಸ್ಟೀಲ್ ಲೋಟಕ್ಕೆ ಹಿಂಡಿದೆ. ರಸ ಬಿಳಿ! ಕೆಂಪು ವೈನ್ ಆಗುವ ಹಣ್ಣಿನ ರಸ ಬಿಳಿ ಬರುವುದುಂಟೇ? ನೀನು ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುವವಳು. ಯಾರಿಗೂ ಹೇಳದೆ ವಿಚಾರಿಸಿ ಬರೆ.

ನಿನ್ನ ತಮ್ಮ
ಹನುಮೇಶ


ರಾಯಚೂರು
೧೫ ಜನವರಿ ೨೦೨೫

ಪ್ರೀತಿಯ ತಮ್ಮನಿಗೆ,

ನಿನ್ನ ಸಹಿಯ ಗೆರೆ ಕೂಡಿತ್ತು. ಪೋಸ್ಟ್‌ಮ್ಯಾನ್ ಮಾತ್ರ ಲಕೋಟೆಯನ್ನು ತಿರುವಿ ಮುರುವಿ ನೋಡಿ, ಕೋರ್ಟಿನ ಕಾಗದವೇನ್ರಿ ಟೀಚರ್ ಎಂದು ಕೇಳಿದ.

ನೀನು ಬರೆದದ್ದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ. ಮದುವೆಯ ಫೋಟೋ ಬಂದಾಗ ಇದು ನನ್ನ ಮುಖವಲ್ಲ, ಸ್ಟುಡಿಯೋದವ ಬದಲಿಸಿದ್ದಾನೆ ಎಂದವನು ನೀನು. ನರ್ಸರಿಯವನನ್ನು ಬಿಡು. ನಿನಗೆ ಅವನು ಕೊಟ್ಟಿದ್ದು ಶಿರಾಜ್. ನೀನು ತಪ್ಪು ಎಂದು ಬರೆದ ಪಟ್ಟಿ ಪೂರ್ತಿ ಅದರ ಗುಣಗಳೇ.

ಕಪ್ಪು ದ್ರಾಕ್ಷಿಯಲ್ಲಿ ಹೆಚ್ಚಿನವಕ್ಕೆ ಬಣ್ಣ ಇರುವುದು ಸಿಪ್ಪೆಯಲ್ಲಿ, ತಿರುಳಿನಲ್ಲಲ್ಲ. ಹಿಂಡಿದ ರಸವನ್ನು ಸಿಪ್ಪೆ, ಬೀಜಗಳ ಜೊತೆ ದಿನಗಟ್ಟಲೆ ಹಾಗೇ ಬಿಡುತ್ತಾರೆ. ಬಿಸಿನೀರಿಗೆ ಚಹಾಪುಡಿ ಬಿದ್ದಂತೆ ಆಗ ಬಣ್ಣ ಇಳಿಯುತ್ತದೆ. ಹಣ್ಣು ಚಿಕ್ಕದಿದ್ದಷ್ಟೂ ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚು, ವೈನಿನ ಬಣ್ಣವೂ ಗಾಢ. ನಾಲಿಗೆ ಒಣಗಿಸುವ ಆ ಒಗರೇ ಅದರ ಬಲವಂತೆ. ಮೆಣಸಿನ ವಾಸನೆಗೆ ಊರೂರಿನಲ್ಲಿ ಗಿರಾಕಿಗಳಿದ್ದಾರಂತೆ. ಹಂಪಣ್ಣನ ಮನೆಗೆ ಹೋಗಿ ಡಬ್ಬಿ ಮೂಸಿದ್ದಕ್ಕೆ ಏನಾದರೊಂದು ನೆಪ ಹೇಳಿ ಬಾ.

ಮುಂದೆ ಬೇರೆ ಏನಾದರೂ ಅನುಮಾನ ಬಂದರೆ ಮೊದಲು ಮಲಂಗಸಾಬ ಕಾಕಾನನ್ನು ಕೇಳು. ಅಪ್ಪ ಬಾವಿ ತೋಡಿಸಿದ ವರ್ಷ ಬಂದವನು, ನಲವತ್ತು ವರ್ಷ ಆ ಹೊಲದ ನೀರು ನೋಡಿದವನು. ಯಾವ ಬೇರಿಗೆ ಏನು ಬೇಕೆಂದು ಅವನಿಗೆ ಗೊತ್ತಿರುವಷ್ಟು ನನ್ನ ಪುಸ್ತಕಕ್ಕೆ ಗೊತ್ತಿಲ್ಲ. ಅವ್ವನ ಕಣ್ಣು ಮಂಜಾಗಿದೆ ಎಂದು ನಿನ್ನ ಹೆಂಡತಿ ಭಾಗ್ಯಜ್ಯೋತಿ ಹೇಳಿದಳು. ಮುಂದಿನ ತಿಂಗಳು ಬಸ್ಸು ಹತ್ತಿಸಿ ಕಳಿಸು, ಇಲ್ಲಿ ತೋರಿಸುತ್ತೇನೆ.

ನಿನ್ನ ಅಕ್ಕ
ಚಂದ್ರಕಲಾ


ಅರಕೇರಾ
೩೧ ಜನವರಿ ೨೦೨೫

ಅಕ್ಕ,

ದ್ರಾಕ್ಷಿಯ ಬಗ್ಗೆ ನೀನು ಹೇಳಿದ್ದು ಸರಿ. ಒಪ್ಪಿಕೊಂಡೆ. ಆದರೆ ಈಗ ನಡೆಯುತ್ತಿರುವುದು ಹಣ್ಣಿನ ಗುಣವಲ್ಲ, ಮನುಷ್ಯನ ಕೈ. ಇದನ್ನು ಓದಿದ ಮೇಲೆ ಹರಿದು ಹಾಕು.

ಇಪ್ಪತ್ತನೇ ತಾರೀಖು ವೈನ್ ಕಂಪನಿಯಿಂದ ಅನುರಾಧಾ ಮೇಡಂ ಬಂದಿದ್ದರು. ಹಣ್ಣು ಬಾಯಿಗೆ ಹಾಕಿಕೊಂಡು, ಬೀಜ ಕಟಕಟ ಅಗಿದು, ಅಂಗೈಗೆ ಉಗುಳಿ ಬಣ್ಣ ನೋಡುವ ಹೆಂಗಸನ್ನು ನಾನು ಇದೇ ಮೊದಲು ನೋಡಿದ್ದು. ಬೀಜ ಕಂದಾಗಿ ಗರಿಗರಿಯಾದರೆ ಹಣ್ಣು ಹದಕ್ಕೆ ಬಂತು ಎಂದರ್ಥವಂತೆ. ಆಮೇಲೆ ಗೇಣುದ್ದದ ಕೊಳವೆಯ ಗಾಜಿನ ಮೇಲೆ ಒಂದು ಹನಿ ರಸ ಬಿಟ್ಟು, ಸೂರ್ಯನ ಕಡೆ ಹಿಡಿದು ಸಕ್ಕರೆಯ ಅಂಕಿ ಓದಿದರು. ಎಲ್ಲ ಸಾಲಿನಲ್ಲೂ ಇಪ್ಪತ್ತೊಂದು. ಅವರಿಗೆ ಬೇಕಾದದ್ದು ಇಪ್ಪತ್ತನಾಲ್ಕು. ಕೊಳವೆ ನನಗೆ ಕೊಟ್ಟು ಹೋದರು, ದಿನಾ ನೋಡಿ ಬರೆದಿಡಿ ಎಂದು.

‘ಇನ್ನ ನೀರು ಕಡಿಮಿ ಮಾಡ್ರಿ’ ಎಂದರು ಮೇಡಂ. ‘ಬಳ್ಳಿಗೆ ಸ್ವಲ್ಪ ನೀರಡಿಕಿ ಆಗಬೇಕು. ಈಗ ನೀರು ಕೊಟ್ರ ಹಣ್ಣು ಉಬ್ಬತದ, ಸಕ್ಕರಿ ತೆಳ್ಳಗ ಆಗತದ, ಸಿಪ್ಪಿ ಸೀಳತದ. ಶಿರಾಜ್ ಕಡಿಗೆ ಸ್ವಲ್ಪ ಸುಕ್ಕ ಬೀಳತದ. ಅಂಜಬ್ಯಾಡ್ರಿ, ಅದರ ಸ್ವಭಾವನ ಹಂಗ.’

ಅವ್ವ ಸೆರಗು ಬಾಯಿಗೆ ಹಿಡಿದು ಇದನ್ನೆಲ್ಲ ಕೇಳಿ ಒಳಗೆ ಹೋದಳು. ಕಾಕಾ ತಲೆಯಾಡಿಸಿದ. ಅಂದಿನಿಂದ ಡ್ರಿಪ್ಪಿನ ನೀರು ಕಟ್ಟುನಿಟ್ಟು. ಮೋಟರ್ ಮನೆಯ ಬೀಗದ ಕೈ ಕಾಕಾನ ಉಡಿದಾರದಲ್ಲಿ.

ಈಗ ಕೇಳು. ಬೇರೆ ಸಾಲುಗಳಲ್ಲಿ ಅಂಕಿ ಇಪ್ಪತ್ತೆರಡೂವರೆಗೆ ಏರಿದೆ. ಮನೆಯ ಕಡೆಯ ಆರು ಸಾಲುಗಳಲ್ಲಿ ಮಾತ್ರ ಹತ್ತೊಂಬತ್ತಕ್ಕೆ ಇಳಿದಿದೆ! ಆ ಬಳ್ಳಿಗಳ ಬುಡಕ್ಕೆ ಬೆರಳು ಹಾಕಿದರೆ ಒದ್ದೆ. ಯಾರೋ ನೀರು ಬಿಡುತ್ತಿದ್ದಾರೆ. ದಿಬ್ಬದ ಮೇಲಿನ ಟಾಕಿಯಿಂದ ಬರುವ ನೀರು, ಮೋಟರ್ ಹಾಕಬೇಕಿಲ್ಲ, ಸದ್ದಿಲ್ಲ. ಆ ಆರು ಸಾಲಿನ ವಾಲು ತಿರುವಿದರೆ ಸಾಕು.

ಒಬ್ಬೊಬ್ಬರನ್ನೇ ಲೆಕ್ಕ ಹಾಕಿದೆ. ಹಂಪಣ್ಣ ಕಾಲು ಮುರಿದುಕೊಂಡು ಸಿರವಾರದಲ್ಲಿ ಮಗಳ ಮನೆಯಲ್ಲಿದ್ದಾನೆ. ಕಳೆ ತೆಗೆಯುವ ಹೆಂಗಸರು ಸಂಜೆಗೆ ಹೋಗುತ್ತಾರೆ, ನೀರು ಬರುವುದು ಬೆಳಗಿನ ಜಾವದ ಹೊತ್ತಿಗೆ, ನಾನು ಹಾಲು ಹಾಕಲು ಹೋದಾಗ. ಹೊಲದಲ್ಲೇ ಮಲಗುವವನು ಒಬ್ಬನೇ. ಹೆಸರು ಬರೆಯಲು ಕೈ ಬರುತ್ತಿಲ್ಲ. ಕಾಕಾ.

ಬೈಯಬೇಡ, ಪೂರ್ತಿ ಓದು. ಸಸಿ ಹಚ್ಚಿದ ದಿನ ಅವನು ಏನೆಂದಿದ್ದ, ನೆನಪಿದೆಯೇ? ‘ಹೆಸರು ಕೇಳಿದ್ರ ಈತ ನಮ್ಮವ ಇದ್ದಂಗ ಅದಾನ, ಈತನ ಕೆಲಸ ಮಾತ್ರ ನನಗ ಹರಾಮು. ಹಣ್ಣು ಬೆಳಸಿ ಕೊಡತೀನಿ ಹನುಮೇಶಪ್ಪ, ರಸ ಮುಟ್ಟಂಗಿಲ್ಲ.’ ಆಗ ನಾವೆಲ್ಲ ನಕ್ಕೆವು. ಈಗ ನಗು ಬರುತ್ತಿಲ್ಲ. ಇನ್ನೊಂದು ತಿಂಗಳಿಗೆ ರಂಜಾನ್. ಮುಪ್ಪಿನಲ್ಲಿ ದೇವರ ಭಯ ಹೆಚ್ಚಾಗಿ, ಇದು ವೈನ್ ಆಗುವುದು ಬೇಡ ಎಂದು ಅವನಿಗೆ ಅನ್ನಿಸಿದ್ದರೆ? ಸಂತೆಯಲ್ಲಿ ಇಬ್ಬರು ಇದೇ ಮಾತು ನನ್ನ ಕಿವಿಗೆ ಹಾಕಿದರು.

ಹನುಮೇಶ


ರಾಯಚೂರು
೭ ಫೆಬ್ರವರಿ ೨೦೨೫

ಹನುಮೇಶ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡಾಗ ನಿನಗೆ ಹದಿನಾರು. ಆ ವರ್ಷ ನಮ್ಮ ಹೊಲ ಬೀಳು ಬೀಳದಂತೆ ನೋಡಿಕೊಂಡವನು ಕಾಕಾ. ನನ್ನ ಟಿಸಿಎಚ್ ಪರೀಕ್ಷೆಗೆ ಸೈಕಲ್ಲಿನ ಮೇಲೆ ದೇವದುರ್ಗದವರೆಗೆ ಕೂರಿಸಿಕೊಂಡು ಹೋದವನು ಅವನೇ. ಪರೀಕ್ಷೆ ಮುಗಿಯುವವರೆಗೆ ಬೇವಿನ ಗಿಡದ ಕೆಳಗೆ ರೋಜಾ ಉಪವಾಸ ಹಿಡಿದು ಕೂತಿದ್ದ. ಅವನಿಗೆ ವೈನ್ ಬೇಡವಾಗಿದ್ದರೆ ಮುಖಕ್ಕೆ ಹೇಳಿ ಹೋಗುತ್ತಿದ್ದ, ಕದ್ದು ವಾಲು ತಿರುವುತ್ತಿರಲಿಲ್ಲ. ಸಂತೆಯ ಆ ಇಬ್ಬರು ನಿನ್ನ ಹೊಲಕ್ಕೆ ಒಂದು ದಿನವಾದರೂ ನೀರು ಹಾಯಿಸಿದ್ದಾರೆಯೇ?

ಅವ್ವ ನಾಲ್ಕನೇ ತಾರೀಖು ಬಂದಳು. ಕಣ್ಣಿಗೆ ಪೊರೆ ಬಂದಿದೆ, ಬೇಸಿಗೆ ಕಳೆದ ಮೇಲೆ ತೆಗೆಯುತ್ತಾರಂತೆ. ಔಷಧದ ಹನಿ ಕೊಟ್ಟಿದ್ದಾರೆ. ಮೂರು ದಿನ ಇದ್ದಳು. ಹಳೆಯದು, ಹೊಸದು, ಕುರಿ, ಹೊಲ, ಏನೇನೋ ಮಾತಾಡಿದೆವು. ಇವತ್ತು ಬೆಳಿಗ್ಗೆ ಬಸ್ಸು ಹತ್ತಿಸಿದೆ.

ಒಂದು ಮಾತು ಕೇಳುತ್ತೇನೆ, ನಡೆಸಿಕೊಡು. ಆ ಆರು ಸಾಲನ್ನು ಬಿಟ್ಟುಬಿಡು. ಎರಡೆಕರೆಯಲ್ಲಿ ಆರು ಸಾಲು ಹೋದರೆ ಯಾರೂ ಮುಳುಗುವುದಿಲ್ಲ. ನೀರು ಯಾರು ಬಿಟ್ಟರು, ಯಾಕೆ ಬಿಟ್ಟರು ಎಂದು ಕೆದಕಬೇಡ. ಕೆಲವು ಸಂಗತಿ ತಾವಾಗಿ ನಿಲ್ಲುತ್ತವೆ. ಇದೂ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ. ಕಾಕಾನಿಗೆ ಮಾತ್ರ ಏನೂ ಅನ್ನಬೇಡ. ನನ್ನ ಮೇಲೆ ಆಣೆ.

ಚಂದ್ರಕಲಾ


ಅರಕೇರಾ
೧೮ ಫೆಬ್ರವರಿ ೨೦೨೫

ಅಕ್ಕನಿಗೆ,

ನೀನು ಬೇಡವೆಂದದ್ದನ್ನು ಮಾಡಿದೆ. ಮಾಡಿದ್ದಕ್ಕೆ ಕಾರಣವಿದೆ. ಕೆದಕಬೇಡ ಎಂದು ನೀನು ಬರೆದದ್ದೇ ನನ್ನ ಅನುಮಾನ ಹೆಚ್ಚಿಸಿತು. ಕಾಕಾ ನಿನಗೂ ಫೋನು ಮಾಡಿ ಅತ್ತಿದ್ದಾನೆ, ನೀನು ಅವನ ಬೆನ್ನಿಗೆ ನಿಂತಿದ್ದೀ ಎಂದುಕೊಂಡೆ.

ಅವ್ವ ನಿನ್ನಲ್ಲಿದ್ದ ಮೂರು ದಿನ ನೀರು ಬರಲಿಲ್ಲ. ನಾನು ಎಚ್ಚರಾಗಿದ್ದೇನೆ ಎಂದು ಕಳ್ಳನಿಗೆ ತಿಳಿದಿರಬೇಕು. ಆಮೇಲೆ ಮತ್ತೆ ಶುರುವಾಯಿತು. ಹತ್ತನೇ ತಾರೀಖು ವಾಲಿನ ಸುತ್ತ ಒಲೆಯ ಬೂದಿ ತೆಳ್ಳಗೆ ಹರಡಿ ಹಾಲು ಹಾಕಲು ಹೋದೆ. ಬಂದು ನೋಡಿದರೆ ಹೆಜ್ಜೆ. ಬರಿಗಾಲು! ಕಾಕಾ ಚಪ್ಪಲಿ ಇಲ್ಲದೆ ನಾಲ್ಕು ಹೆಜ್ಜೆ ಹಾಕುವವನಲ್ಲ. ಅಂದಮೇಲೆ ಗುರುತು ಸಿಗಬಾರದೆಂದೇ ಬಿಚ್ಚಿಟ್ಟಿದ್ದಾನೆ. ಹೆಜ್ಜೆ ಸ್ವಲ್ಪ ಚಿಕ್ಕದಿತ್ತು, ನಿಜ. ಕಳ್ಳ ನಡೆಯುವವನು ಅಂಗಾಲು ಪೂರ್ತಿ ಊರುತ್ತಾನೆಯೇ?

ಹದಿನಾಲ್ಕನೇ ತಾರೀಖು ಅನುರಾಧಾ ಮೇಡಂ ಬಂದರು. ಕೊಯ್ಲಿನ ದಿನ ಗೊತ್ತುಮಾಡಲು. ಒಳಗಿನ ಸಾಲುಗಳನ್ನು ನೋಡಿ ಖುಷಿಪಟ್ಟರು. ಆರು ಸಾಲಿನ ಹಣ್ಣು ಕೈಯಲ್ಲಿ ಹಿಡಿದು ಒಡೆದ ಸಿಪ್ಪೆ ತೋರಿಸಿ, ‘ಇಷ್ಟ ಹೇಳಿದ್ರೂ ನೀರು ಬಿಟ್ಟೀರಲ್ರಿ. ಇದನ್ನ ನಾವು ಒಯ್ಯಾಂಗಿಲ್ಲ. ಇಂಥಾದ್ದು ಕೂಡಿಸಿ ತೂಗಿದ್ರ ಪೂರಾ ಗಾಡಿ ವಾಪಸ್ ಕಳಸ್ತಾರ’ ಎಂದರು. ಕೊಯ್ಲಿಗೆ ಗೊತ್ತುಮಾಡಿದ್ದ ಹನ್ನೆರಡು ಹೆಂಗಸರು ಅಲ್ಲೇ ನಿಂತಿದ್ದರು. ನನಗೆ ತಲೆ ಕೆಟ್ಟಿತು.

‘ನಾ ಬಿಟ್ಟಿಲ್ಲ ಮೇಡಂ. ಬಿಟ್ಟವ ಇಲ್ಲೇ ನಿಂತಾನ. ಈ ಹಣ್ಣು ವೈನ್ ಆದ್ರ ಈತಗ ಪಾಪ ಹತ್ತತದಂತ. ಕೇಳ್ರಿ ಈತನ್ನ’ ಎಂದೆ.

ಕಾಕಾ ನನ್ನ ಮುಖ ನೋಡಿದ. ‘ನನಗ ಅಂದ್ಯಾ ಹನುಮೇಶಪ್ಪ?’ ಎಂದ.

‘ಮತ್ಯಾರಿಗೆ? ಬೂದಿ ಮ್ಯಾಲ ಹೆಜ್ಜಿ ಬಿದ್ದಾವ. ಚಪ್ಪಲ ಬಿಚ್ಚಿದ್ರ ಗೊತ್ತಾಗಂಗಿಲ್ಲ ಅಂದ್ಕೊಂಡಿದ್ಯಾ? ಇಲ್ಲ ಅನ್ನು, ನೋಡೂಣು.’

ಅವನು ಇಲ್ಲ ಎನ್ನಲಿಲ್ಲ, ಅಕ್ಕ. ಅದನ್ನೇ ನೀನು ಗಮನಿಸಬೇಕು. ಒಂದು ಸಲವಾದರೂ ಇಲ್ಲ ಎಂದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೇನೋ. ಮನೆಯ ಕಡೆ ಒಮ್ಮೆ ನೋಡಿದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಉಡಿದಾರದಿಂದ ಬೀಗದ ಕೈ ಬಿಚ್ಚಿ ಕಟ್ಟೆಯ ಮೇಲಿಟ್ಟ. ತನ್ನ ಹಾಸಿಗೆ ಸುತ್ತಿಕೊಂಡು, ಅವ್ವನ ಮುಂದೆ ನಿಂತು ‘ಬರ್ತೀನಿ ಅಕ್ಕಾ’ ಎಂದು ಹೇಳಿ ಬಸ್ಸಿನ ದಾರಿ ಹಿಡಿದ. ಮಾನ್ವಿಯಲ್ಲಿ ಮಗಳು ವಾಹಿದಾಳ ಮನೆಗೆ ಹೋಗಿದ್ದಾನಂತೆ.

ನಾಲ್ಕು ದಿನದಿಂದ ನೀರು ಬಂದಿಲ್ಲ. ಇನ್ನೇನು ಸಾಕ್ಷಿ ಬೇಕು? ಆದರೂ ಮನೆಯಲ್ಲಿ ಸಂತೋಷವಿಲ್ಲ. ಅವ್ವ ಊಟ ಮಾಡುತ್ತಿಲ್ಲ. ಕಣ್ಣಿನ ಹನಿ ಹಾಕಿಸಿಕೊಳ್ಳುತ್ತಿಲ್ಲ. ಏನು ಔಷಧ ಕೊಟ್ಟಿದ್ದಾರೆ ಆ ಡಾಕ್ಟರು? ಶೀಷೆಯ ಮೇಲಿನ ತಾರೀಖು ನೋಡಿದ್ದೀಯಾ?

ಹನುಮೇಶ


ರಾಯಚೂರು
೨೨ ಫೆಬ್ರವರಿ ೨೦೨೫

ಹನುಮೇಶ,

ಔಷಧದಲ್ಲಿ ಏನೂ ಇಲ್ಲ. ನೀರು ಬಿಟ್ಟವಳು ಅವ್ವ.

ಕೂತು ಓದು. ನಿಂತು ಓದಬೇಡ, ಅವ್ವನ ಮುಂದೆ ಓದಬೇಡ. ಐದನೇ ತಾರೀಖು ಇಲ್ಲೇ ನನ್ನ ಅಡುಗೆಮನೆಯಲ್ಲಿ ಕೂತು ಅವಳೇ ಹೇಳಿದಳು. ಹೇಳುವ ಮೊದಲು ನನ್ನ ಕೈ ತನ್ನ ತಲೆಯ ಮೇಲೆ ಇಡಿಸಿಕೊಂಡು, ನಿನಗೆ ತಿಳಿಸುವುದಿಲ್ಲ ಎಂದು ಮನೆದೇವರು ಬೀರಪ್ಪನ ಆಣೆ ಮಾಡಿಸಿದಳು. ಅವಳ ಮಾತು ಹೀಗಿತ್ತು:

‘ಆ ಗರಸು ನೆಲದಾಗಿನ ಬಳ್ಳಿ ನೋಡವ್ವ, ಹಣ್ಣು ಸುಕ್ಕಾಗಿ ನನ್ನ ಗಲ್ಲದಂಗ ಆಗ್ಯಾವ. ಟಾಕಿ ತುಂಬ ನೀರದ. ನೀರು ಇಟಗೊಂಡು ಕೊಡಬ್ಯಾಡ ಅಂತಾಳ ಆಕಿ, ಬೀಜ ಕಡಿಯಾಕಿ. ಬ್ಯಾಸಗಿಯಾಗ ನಾನು ನಿಮ್ಮಪ್ಪ ನೂರು ಕುರಿ ಹೊಡಕೊಂಡು ಹೊಳಿತನ ನಡದೀವಿ. ಕುರಿ ಬಾಯಿ ಹಚ್ಚಿ ಕುಡಿಯೂತನ ನಮ್ಮ ಬಾಯಾಗ ಹನಿ ಹಾಕಿಲ್ಲ. ಮುಂಜಾನಿ ಚಾ ಕುಡಿಯಾಕ ಕುಂತ್ರ ಆ ಬಳ್ಳಿ ಎದುರಿಗೆ ಕಾಣತಾವ. ನನಗ ಚಾ ಇಳಿಯವಲ್ದು. ಎಲ್ಲಕ್ಕೂ ಬಿಟ್ರ ಹನುಮೇಶಗ ಗೊತ್ತಾಗತದ ಅಂತ ಆರು ಸಾಲಿಗೆ ಬಿಟ್ಟೆ.’

ನಮ್ಮ ಮನೆಯಲ್ಲಿ ದನ ಕುರಿಗೆ ನೀರು ಇಡದೆ ಅವಳು ಚಹಾ ಕುಡಿದದ್ದನ್ನು ನೀನು ಎಂದಾದರೂ ನೋಡಿದ್ದೀಯಾ? ದ್ರಾಕ್ಷಿಯೂ ಅವಳಿಗೆ ಹಾಗೇ. ನೀರಡಿಕೆಯಿಂದ ಹಣ್ಣಿನ ಬೆಲೆ ಏರುತ್ತದೆ ಎಂದು ನಾನು ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ಇನ್ನು ಬಿಡುವುದಿಲ್ಲ ಎಂದು ಮಾತು ಕೊಟ್ಟಳು, ಊರಿಗೆ ಬಂದ ಮೇಲೆ ತಡೆದುಕೊಳ್ಳಲು ಆಗಲಿಲ್ಲ.

ಅವಳ ತಪ್ಪು ಚಿಕ್ಕದು. ನನ್ನದು ದೊಡ್ಡದು. ಏಳನೇ ತಾರೀಖಿನ ಕಾಗದ ಬರೆಯುವಾಗ ನನಗೆ ಎಲ್ಲ ಗೊತ್ತಿತ್ತು. ನೀನು ಕಾಕಾನ ಹೆಸರು ಬರೆದಿದ್ದೀ ಎಂಬುದೂ ಗೊತ್ತಿತ್ತು. ಆಣೆ ಇತ್ತು, ಜೊತೆಗೆ ನೀನು ಅವ್ವನ ಮೇಲೆ ಹರಿಹಾಯುತ್ತೀ ಎಂಬ ಅಂಜಿಕೆ. ಸುತ್ತುಬಳಸಿ ಬರೆದೆ. ಮಕ್ಕಳಿಗೆ ಸತ್ಯ ಹೇಳಿ ಎಂದು ದಿನಾ ಕಲಿಸುವವಳು ಒಂದು ಸಾಲು ಬರೆಯಲಾರದೆ ಹೋದೆ. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ. ಅವ್ವನಿಗೆ ಏನೂ ಅನ್ನಬೇಡ. ಮೊದಲು ಮಾನ್ವಿಗೆ ಹೋಗು.

ಚಂದ್ರಕಲಾ


ಅರಕೇರಾ
೧೦ ಮಾರ್ಚ್ ೨೦೨೫

ಅಕ್ಕ,

ನಿನ್ನ ಕಾಗದ ಬಂದ ದಿನ ಕೊಯ್ಲು ನಡೆದಿತ್ತು. ಗಾಡಿ ತುಂಬಿ ಕಳಿಸಿ, ಸಂಜೆ ಹೊಲದಲ್ಲಿ ಕೂತು ಓದಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಒಂದು ವಾರ ನಿನಗೆ ಬರೆಯಲಿಲ್ಲ. ಈಗ ಸಿಟ್ಟಿಲ್ಲ. ನೀನು ಬಚ್ಚಿಟ್ಟೆ, ನಿಜ. ಆದರೆ ಕೂಗಿದ ಬಾಯಿ ನನ್ನದು.

ಅವ್ವನನ್ನು ಬೈಯಲಿಲ್ಲ. ಪಕ್ಕದಲ್ಲಿ ಹೋಗಿ ಕೂತೆ. ಅವಳೇ ಕೇಳಿದಳು, ‘ಅಕ್ಕ ಬರದಾಳೇನು?’ ಹೂಂ ಎಂದೆ.

‘ಅವತ್ತು ಬಾಗಿಲದಾಗ ನಿಂತಿದ್ದೆ. ನಾನ ಬಿಟ್ಟೀನಿ ಅಂತ ಬಾಯಿಗೆ ಬಂದಿತ್ತಪ. ಅಷ್ಟು ಮಂದಿ ನೋಡಿ ನಾಲಿಗಿ ಏಳಲಿಲ್ಲ. ಮಲಂಗ ನನ್ನ ಕಡಿ ನೋಡಿದ. ನಾ ನೆಲ ನೋಡಿದೆ’ ಎಂದಳು. ಆಮೇಲೆ ಬಹಳ ಹೊತ್ತು ಅತ್ತಳು. ನಾನೂ ಅತ್ತೆ, ನಿನಗೆ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮೊನ್ನೆ ಮಾನ್ವಿಗೆ ಹೋದೆ. ವಾಹಿದಾ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಎದ್ದು ಕುರ್ಚಿ ಕೊಟ್ಟಳು. ಕಾಕಾ ಇರಲಿಲ್ಲ. ‘ಪೋತ್ನಾಳಕ್ಕ ಹೋಗ್ಯಾರಣ್ಣ, ಭತ್ತದ ಗದ್ದಿಗೆ ನೀರು ನೋಡಾಕ. ದಿನಾ ಹೋಗತಾರ’ ಎಂದಳು. ರೋಜಾ ಇದ್ದಾರೇನು ಎಂದು ಕೇಳಿದೆ. ‘ಇದ್ದಾರ. ಅರವತ್ತೆಂಟು ವಯಸ್ಸು, ಬಿಸಲಾಗ ರೋಜಾ ಹಿಡದು ಮಂದಿ ಗದ್ದಿಗೆ ನೀರು ಕಟ್ಟತಾರ’ ಎಂದಳು. ತಾನೂ ಉಪವಾಸವಿದ್ದವಳು ನನಗೆ ಒಂದು ತಂಬಿಗೆ ನೀರು ತಂದಿಟ್ಟಳು. ಮುಟ್ಟಲಾಗಲಿಲ್ಲ. ಸಂಜೆಯವರೆಗೆ ಕಾಯುತ್ತೇನೆ ಎಂದರೆ, ‘ಬ್ಯಾಡಣ್ಣ, ದಣದು ಬರತಾರ. ಏನ ಹೇಳೂದಿದ್ರೂ ಬರದು ಕೊಡ್ರಿ’ ಎಂದಳು. ಅಲ್ಲೇ ಕೂತು ಬರೆದು ಕೊಟ್ಟು ಬಂದೆ. ಬರೆದದ್ದನ್ನು ನೆನಪಿನಿಂದ ಕೆಳಗೆ ಇಳಿಸಿದ್ದೇನೆ:

‘ಕಾಕಾ, ನೀರು ಬಿಟ್ಟದ್ದು ಅವ್ವ. ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಹನ್ನೆರಡು ಹೆಂಗಸರ ಮುಂದೆ ನಿನ್ನ ದೇವರನ್ನು ಎಳೆದು ನಿನ್ನನ್ನು ಕಳ್ಳ ಮಾಡಿದೆ. ಅದೇ ಹೆಂಗಸರ ಮುಂದೆ, ಅನುರಾಧಾ ಮೇಡಂ ಎದುರಿಗೆ, ಕೊಯ್ಲಿನ ಕೊನೆಯ ದಿನ ನನ್ನದೇ ತಪ್ಪು ಎಂದು ಹೇಳಿದ್ದೇನೆ. ನಿನ್ನ ಕೋಣೆ ಹಾಗೇ ಇದೆ. ಬೀಗದ ಕೈ ಮುಟ್ಟಲು ನನಗೆ ಧೈರ್ಯವಿಲ್ಲ. ಬಾ. ಹನುಮೇಶ.’

ಆ ಆರು ಸಾಲು ಕೊಯ್ಯಲಿಲ್ಲ. ಗಿಳಿಗಳು ತಿನ್ನುತ್ತಿವೆ. ಕಂಪನಿಗೆ ಹೋದ ಹಣ್ಣು ಇಪ್ಪತ್ತನಾಲ್ಕೂವರೆ ಬಂತಂತೆ, ಬಣ್ಣವೂ ಚೆನ್ನಾಗಿ ಇಳಿದಿದೆ ಎಂದು ಮೇಡಂ ಫೋನು ಮಾಡಿದ್ದರು. ಸ್ಪೀಕರ್ ಹಾಕಿಯೇ ಕೇಳಿದೆವು. ಅವ್ವ ಕಟ್ಟೆಯ ಕಡೆ ನೋಡಿದಳು.

ಹನುಮೇಶ


ಮಾನ್ವಿ
೪ ಏಪ್ರಿಲ್ ೨೦೨೫

ಹನುಮೇಶಪ್ಪಗ ಮಲಂಗಸಾಬ ಮಾಡುವ ಸಲಾಮು.

ನಾ ಆಡಿದ್ದನ್ನ ಆಡಿದಂಗ ಬರಿ ಅಂತ ವಾಹಿದಾಗ ಹೇಳೀನಿ. ನಿನ್ನ ಕಾಗದ ಮುಟ್ಟೇದ. ಎರಡು ಸಲ ಓದಿಸಿ ಕೇಳಿದೆ. ಹಬ್ಬ ಆಗಲಿ ಅಂತ ತಡಾ ಮಾಡಿದೆ, ಬ್ಯಾರೆ ಏನಿಲ್ಲ.

ಅಕ್ಕ, ನಿಮ್ಮವ್ವ, ನೀರು ಬಿಡೂದು ನನಗ ಮೊದಲನೇ ದಿನಾನ ಗೊತ್ತಿತ್ತು. ನಮಾಜಿನ ವಜೂಕ ಕೈಕಾಲು ತೊಳಿಯಾಕ ಎದ್ದಾಗ ಕಂಡೆ. ಕಣ್ಣು ಕಾಣವಲ್ದು, ಕೈಲೆ ತಡವಿ ತಡವಿ ವಾಲು ಹುಡುಕತಿದ್ಲು. ಎರಡೂ ಕೈ ಹಚ್ಚಿ ತಿರುವತಿದ್ಲು. ಬಳ್ಳಿ ಜೋಡಿ ಏನೋ ಮಾತಾಡತಿದ್ಲು. ನಾ ಹಿಂದ ಸರದು ನಿಂತೆ. ಆಕಿ ಹೋದ ಮ್ಯಾಲ ದಿನಾ ನಾನ ಹೋಗಿ ಬಂದ್ ಮಾಡತಿದ್ದೆ, ಬೂದಿ ಕಂಡ ದಿನ ಮಾತ್ರ ಹತ್ರ ಹೋಗಲಿಲ್ಲ. ಅಷ್ಟೊತ್ತಿಗೆ ಬೇಕಾದಷ್ಟು ನೀರು ಹೋಗಿರತಿತ್ತು, ಏನ ಮಾಡೂದು. ನಿನಗ ಹೇಳಿದ್ರ ನೀ ಆಕಿಗೆ ಜೋರು ಮಾಡತಿದ್ದಿ. ನಿಮ್ಮಪ್ಪ ಕನಕರಾಯಣ್ಣ ಇದ್ದಾಗ ಆಕಿಗೆ ಯಾರೂ ದನಿ ಏರಿಸಿ ಮಾತಾಡಿಲ್ಲ.

ಅವತ್ತು ಇಲ್ಲ ಅಂದಿದ್ರ ನೀ ಮುಂದ ಕೇಳತಿದ್ದಿ, ಮತ್ಯಾರು ಅಂತ. ಅಷ್ಟು ಮಂದಿ ಮುಂದ ಆಕಿ ತಲಿ ತಗ್ಗಿಸಬೇಕಾಗತಿತ್ತು. ನಂದೇನು, ಹಾಸಿಗಿ ಸುತ್ತಿದೆ, ಬಂದೆ. ಮನಸಿಗೆ ಹಚ್ಚಿಕೊಬ್ಯಾಡ. ಮಕ್ಕಳು ಏನರ ಅಂತಾವ, ದೊಡ್ಡವರು ಕೇಳಿ ಬಿಡತಾರ. ಅಕ್ಕಗ ಊಟ ಮಾಡು ಅಂತ ಹೇಳು, ಕಣ್ಣಿಗೆ ಹನಿ ಹಾಕಸು. ಈ ತಿಂಗಳದಾಗ ಬಳ್ಳಿ ಕತ್ತರಸಬೇಕು, ಗೊತ್ತದನಲ್ಲ? ಆ ಆರು ಸಾಲಿನ ಬೇರು ಮ್ಯಾಲ ಬಂದಿರತಾವ, ಹುಷಾರಿಲೇ ಅಗಸು. ಒಂದು ಫೋನ್ ಮಾಡಿದ್ರ ಬರತೀನಿ.

ಮಲಂಗಸಾಬ

ಹನುಮೇಶಣ್ಣನಿಗೆ,

ಅಬ್ಬಾ ಹೇಳಿ ಬರೆಸಿದ್ದು ಇಲ್ಲಿಗೆ ಮುಗಿಯಿತು. ಕೆಳಗಿನದು ನನ್ನದು. ಅವರಿಗೆ ಓದಿ ಹೇಳಿಲ್ಲ.

ನೀವು ಎಲ್ಲರ ಮೇಲೂ ಸಂಶಯ ಪಡುವವರು, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು ಎಂದು ಅಬ್ಬಾ ನಗುತ್ತಾರೆ. ಎಲ್ಲರ ಮೇಲೂ ಅಲ್ಲ ಅಣ್ಣ. ಮನೆಯವರ ಮೇಲೆ ನಿಮಗೆ ಒಂದು ದಿನವೂ ಸಂಶಯ ಬರಲಿಲ್ಲ. ನಲವತ್ತು ವರ್ಷದಿಂದ ತಾನೂ ಆ ಮನೆಯವನೇ ಎಂದು ಅಬ್ಬಾ ತಿಳಿದಿದ್ದರು. ಅದು ಹಾಗಲ್ಲ ಎಂದು ಈ ವಯಸ್ಸಿನಲ್ಲಿ ಅವರಿಗೆ ಗೊತ್ತಾಯಿತು. ನನ್ನ ಮುಂದೆ ಅದನ್ನು ಬಾಯಿಬಿಟ್ಟು ಹೇಳಿಲ್ಲ. ಆದರೆ ಇಲ್ಲಿಗೆ ಬಂದ ಮೇಲೆ ಅಕ್ಕಪಕ್ಕದವರ ಮನೆಗೆ ಕರೆದರೂ ಹೋಗುವುದಿಲ್ಲ. ಹೊರಗೇ ನಿಂತು ಮಾತಾಡಿ ಬರುತ್ತಾರೆ.

ನೀವು ಕರೆದರೆ ಬರುತ್ತಾರೆ. ನೀವು ಎರಡನೇ ಮಾತು ಆಡುವ ಮೊದಲೇ ಕ್ಷಮಿಸುತ್ತಾರೆ. ಆಗಲೇ ಕ್ಷಮಿಸಿಯೂ ಆಗಿದೆ. ಅದಕ್ಕೇ ಕೈಮುಗಿದು ಕೇಳುತ್ತೇನೆ, ಕರೆಯಬೇಡಿ.

ವಾಹಿದಾ